ಹಾಲಸ್ವಾಮಿಗೆ ಒಂದು ಬೈಗುಳ

ಗರಿಕೇಹಳ್ಳಿಯ ಪಂಚಾಯಿತಿ ಸೀಟಿಗೆ ಮೂವರು ನಿಂತಿದ್ದರು. ಪತ್ರಿಕೆಯ ಪ್ರಕಾರ ಇಬ್ಬರು.

ಈ ವ್ಯತ್ಯಾಸ ಮೂರನೆಯವನಾದ ಹಾಲಸ್ವಾಮಿಯ ಗಮನಕ್ಕೆ ಬಂದದ್ದು ಮಂಜಮ್ಮನ ಹೋಟೆಲಿನಲ್ಲಿ, ಒಂದು ಗುರುವಾರ ಬೆಳಗ್ಗೆ. ತಿಪಟೂರಿನಲ್ಲಿ ಅಚ್ಚಾಗುವ ‘ಹೊಸಗರಿ’ ವಾರಪತ್ರಿಕೆ ಪ್ರತಿ ಗುರುವಾರ ಮೊದಲ ಬಸ್ಸಿಗೆ ಬಂದು ಹೋಟೆಲಿನ ಬೆಂಚಿನ ಮೇಲೆ ಬೀಳುತ್ತದೆ. ಸಂಜೆಯ ಹೊತ್ತಿಗೆ ಬೋಂಡದ ಎಣ್ಣೆ ಕುಡಿದು ಊರಿನ ಎಲ್ಲ ಮನೆಗೂ ತಲುಪುತ್ತದೆ. ನಡುವೆ ಯಾರು ಬೇಕಾದರೂ ಓದಬಹುದು.

ಮುಖಪುಟದ ಎಡಗಡೆ ‘ಚಿಕ್ಕಹನುಮಯ್ಯ ಊಸರವಳ್ಳಿ: ರುದ್ರೇಶ್ ಕಿಡಿ’ ಎಂದಿತ್ತು. ಬಲಗಡೆ ‘ರುದ್ರೇಶ್ ಹೆಬ್ಬಾವು: ಚಿಕ್ಕಹನುಮಯ್ಯ ತಿರುಗೇಟು’ ಎಂದಿತ್ತು. ಹಿಂದಿನ ವಾರ ಇವರೇ ಕ್ರಮವಾಗಿ ನರಿ ಮತ್ತು ಹೆಗ್ಗಣ ಆಗಿದ್ದರು. ಹಾಲಸ್ವಾಮಿ ಒಳಪುಟ ತಿರುವಿದ. ಬೋರ್‌ವೆಲ್ ಮೋಟರಿನ ಜಾಹೀರಾತು, ಎರಡು ಶ್ರದ್ಧಾಂಜಲಿ, ಕಳೆದುಹೋದ ಒಂದು ಎಮ್ಮೆಯ ಪ್ರಕಟಣೆ. ಎಮ್ಮೆಗೂ ಫೋಟೊ ಇತ್ತು.

“ಏನ್ ಹುಡುಕ್ತಿದ್ದೀಯ ಹಾಲಸ್ವಾಮಣ್ಣ, ನಿಮ್ಮೆಮ್ಮೆ ಏನಾರ ತಪ್ಪಿಸ್ಕಂಡೈತಾ?” ಎಂದಳು ಮಂಜಮ್ಮ.

“ನನ್ನ ಹೆಸ್ರು ಕಣಮ್ಮ.”

“ನಿನ್ನ ಹೆಸ್ರು ಪೇಪರ್‌ನಲ್ಲಿ ಯಾಕೆ ಬತ್ತದೆ?”

“ಎಲೆಕ್ಷನ್‌ಗೆ ನಿಂತಿದ್ದೀನಲ್ಲ!”

ಮಂಜಮ್ಮನ ಸೌಟು ಸಾಂಬಾರಿನ ಮೇಲೆ ಗಾಳಿಯಲ್ಲಿ ನಿಂತಿತು. “ಅಯ್ಯೋ, ಇನ್ನೂ ಅದೀಯಾ? ಯಾರೂ ಬೈದೇ ಇರಾದು ನೋಡಿ ವಾಪಸ್ ತಗಂಡೆ ಅನ್ಕಂಡಿದ್ದೆ.”

ಗರಿಕೇಹಳ್ಳಿಯಲ್ಲಿ ಚುನಾವಣೆಗೆ ನಿಂತವರನ್ನು ಗುರುತಿಸುವ ಕ್ರಮವೇ ಇದು. ಯಾರನ್ನು ಬೈಯುತ್ತಾರೋ ಅವನು ಅಭ್ಯರ್ಥಿ. ಬೈಯಿಸಿಕೊಳ್ಳದವನು ಮತದಾರ.

ಹಾಲಸ್ವಾಮಿ ನಿಂತಿದ್ದು ಮೋರಿಗಾಗಿ. ಕೆಳಗಲಬೀದಿಗೆ ತಿರುಗುವ ಕಡೆ ಒಂದು ಅಗಲವಾದ ಮೋರಿ ಇದೆ. ಅದರ ಮೇಲಿದ್ದ ಕಲ್ಲಿನ ಚಪ್ಪಡಿ ಕಾಯಿ ತುಂಬಿದ ಲಾರಿಯ ಭಾರಕ್ಕೆ ಮುರಿದು ಒಳಗೆ ಬಿದ್ದಿತ್ತು. ಬೀದಿಯವರು ತೆಂಗಿನ ಮರದ ಎರಡು ಸೀಳು ಅಡ್ಡ ಹಾಕಿಕೊಂಡು ಓಡಾಡುತ್ತಿದ್ದರು. ಆಟೊ ಒಳಗೆ ಬರುತ್ತಿರಲಿಲ್ಲ, ಆಂಬುಲೆನ್ಸೂ ಬರುತ್ತಿರಲಿಲ್ಲ. ಯುಗಾದಿಗೆ ಮುಂಚೆ ಪುಟ್ಟಗಂಗಮ್ಮ ಜಾರಿಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಾಗ ಹಾಲಸ್ವಾಮಿ ಆಕೆಯನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಹೊತ್ತು ಆ ಸೀಳುಗಳ ಮೇಲೆ ದಾಟಿಸಿದ್ದ. ದಾಟುವಾಗ ಆಕೆ ಎಷ್ಟು ಜೋರಾಗಿ ಕೂಗಿದಳೆಂದರೆ, ಆಕೆಗೆ ಅಂಥದ್ದೇನೂ ಆಗಿಲ್ಲ ಎಂದು ಊರಿಗೆ ಸಮಾಧಾನವಾಯಿತು.

ಆ ಲಾರಿ ಚಿಕ್ಕಹನುಮಯ್ಯನದು. ಆಗ ಆ ಬೀದಿಯ ಮೆಂಬರ್ ಆಗಿದ್ದವನು ರುದ್ರೇಶ್. ಹಾಗಾಗಿ ಇಬ್ಬರೂ ತಮ್ಮ ಭಾಷಣದಲ್ಲಿ ಕಾಡಿನ ಪ್ರಾಣಿಗಳನ್ನೆಲ್ಲ ಕರೆತಂದರೇ ಹೊರತು ಮೋರಿಯ ಹತ್ತಿರಕ್ಕೆ ಸುಳಿಯಲಿಲ್ಲ. ಹಾಲಸ್ವಾಮಿ ಮಾತ್ರ ಮನೆಮನೆಗೆ ಹೋಗಿ “ಮೋರಿಗೆ ಚಪ್ಪಡಿ ಹಾಕಿಸ್ತೀನಿ” ಎನ್ನುತ್ತಿದ್ದ. ಜನ ಅವನಿಗೆ ಕಾಫಿ ಕೊಟ್ಟು, ತೋಟದ ಕಾಯಿ ಕೆಡವಿಸಿದ್ಯಾ ಎಂದು ಕೇಳಿ ಕಳಿಸುತ್ತಿದ್ದರು. ಅವನಿಗೆ ಸಿಕ್ಕಿದ್ದ ಗುರುತು ಬಾಚಣಿಗೆ. ತಲೆಯಲ್ಲಿ ಕೂದಲಿಲ್ಲದ ಒಬ್ಬ ಮನುಷ್ಯ ಬಾಚಣಿಗೆ ಹಿಡಿದು ಬೀದಿ ಸುತ್ತುತ್ತಿದ್ದರೂ ಎದುರಾಳಿಗಳು ಒಂದು ಮಾತು ಆಡಲಿಲ್ಲ ಎಂದರೆ, ಅವರ ಉಪೇಕ್ಷೆ ಎಂಥದ್ದೆಂದು ಊಹಿಸಬಹುದು.

ಆ ಗುರುವಾರವೇ ಹಾಲಸ್ವಾಮಿ ತಿಪಟೂರಿನ ಬಸ್ಸು ಹತ್ತಿದ.

‘ಹೊಸಗರಿ’ಗೆ ಸೂರ್ಯಪ್ರಕಾಶ್ ಸಂಪಾದಕ. ವರದಿಗಾರ, ಫೋಟೊಗ್ರಾಫರ್ ಮತ್ತು ಪೇಪರ್ ಕಟ್ಟುಗಳನ್ನು ಬಸ್ಸಿಗೆ ಹಾಕುವವನೂ ಅವನೇ. ಕೊಬ್ಬರಿ ಮಂಡಿಯ ಹಿಂದಿನ ರಸ್ತೆಯಲ್ಲಿದ್ದ ಅವನ ಜೆರಾಕ್ಸ್ ಅಂಗಡಿಯೇ ಪತ್ರಿಕೆಯ ಕಚೇರಿ.

“ಸಾರ್, ನೀವು ಪಕ್ಷಪಾತ ಮಾಡ್ತಿದ್ದೀರಿ” ಎಂದ ಹಾಲಸ್ವಾಮಿ. ಬಸ್ಸಿನಲ್ಲಿ ಇಡೀ ದಾರಿ ಇದೊಂದು ವಾಕ್ಯವನ್ನು ಸಿದ್ಧಮಾಡಿಕೊಂಡು ಬಂದಿದ್ದ.

ಸೂರ್ಯಪ್ರಕಾಶ್ ಯಾರದೋ ಆಧಾರ್ ಕಾರ್ಡನ್ನು ಯಂತ್ರದ ಮೇಲೆ ಬೋರಲು ಹಾಕಿ, “ಯಾರ ಪರ?” ಎಂದ.

“ಅವರಿಬ್ಬರ ಪರ.”

“ಇಬ್ಬರ ಪರ ಆದ್ರೆ ಅದು ಪಕ್ಷಪಾತ ಹೆಂಗಾಗುತ್ತೆ ಸಾರ್?”

“ಅವರಿಬ್ಬರ ಬೈಗುಳ ವಾರವಾರ ಹಾಕ್ತೀರಿ. ನನ್ನದು ಒಂದೂ ಹಾಕಿಲ್ಲ.”

“ನಿಮ್ಮನ್ನ ಯಾರು ಬೈದಿದ್ದಾರೆ?”

“ಯಾರೂ ಇಲ್ಲ.”

“ನೀವು ಯಾರನ್ನ ಬೈದಿದ್ದೀರಿ?”

ಹಾಲಸ್ವಾಮಿ ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡ. “ಹೋದ್ ತಿಂಗ್ಳು ನಮ್ಮ ಹಸಕ್ಕೆ ಒಂದ್ಮಾತು ಅಂದ್ಬುಟ್ಟೆ. ಒದೀತು ಅಂತ.”

ಅಷ್ಟರಲ್ಲಿ ಫೋನ್ ಬಂತು. ಸೂರ್ಯಪ್ರಕಾಶನ ಎರಡು ಕೈಗೂ ಕೆಲಸವಿದ್ದದ್ದರಿಂದ ಸ್ಪೀಕರ್ ಒತ್ತಿದ. ರುದ್ರೇಶನ ದನಿ ಅಂಗಡಿ ತುಂಬಿತು.

“ಏನ್ ಸ್ವಾಮಿ, ನೀವು ಅವನ ಕಡೆ ಸೇರ್ಕಂಡ್ರಾ? ನನ್ನ ಹೆಬ್ಬಾವು ಅನ್ನೋದನ್ನ ಇಷ್ಟು ದಪ್ಪಕ್ಕೆ ಹಾಕಿದ್ದೀರಿ, ಅವನ ಊಸರವಳ್ಳಿ ಇರುವೆ ಥರ ಐತೆ!”

“ಊಸರವಳ್ಳಿಗೆ ಐದಕ್ಷರ ಸಾರ್, ಹೆಬ್ಬಾವಿಗೆ ಮೂರು. ಇರೋದು ಒಂದೇ ಅಳತೆ ಜಾಗ. ಮುಂದಿನ ವಾರ ಅವ್ರನ್ನ ಮೂರಕ್ಷರದಲ್ಲಿ ಬೈಯಿರಿ, ದಪ್ಪಕ್ಕೆ ಹಾಕ್ತೀನಿ.”

ಫೋನ್ ಇಟ್ಟ ಕೂಡಲೇ ಇನ್ನೊಂದು. ಈ ಸಲ ಚಿಕ್ಕಹನುಮಯ್ಯ.

“ಅವನ ಫೋಟೊದಲ್ಲಿ ಕಣ್ಣು ಬಿಟ್ಕಂಡೌನೆ, ನನ್ನ ಫೋಟೊದಲ್ಲಿ ಮುಚ್ಚೈತೆ. ಒಳಗಡೆ ಶ್ರದ್ಧಾಂಜಲಿ ಹಾಕಿದ್ದೀರಲ್ಲ, ಅವ್ರೇ ನನಗಿಂತ ಲವಲವಿಕೆಯಾಗವ್ರೆ. ಪೇಪರ್ ನಡ್ಸೋ ರೀತಿನೇನ್ರೀ ಇದು? ಬರೀ ಪಕ್ಷಪಾತ!”

ಸೂರ್ಯಪ್ರಕಾಶ್ ಮೇಜಿನ ಡ್ರಾಯರಿನಿಂದ ಮಕ್ಕಳು ಶಾಲೆಗೆ ಒಯ್ಯುವಂಥ ಒಂದು ಮರದ ಸ್ಕೇಲು ತೆಗೆದು ಮುಖಪುಟದ ಮೇಲಿಟ್ಟ. ಎಡಗಡೆ ಅಳೆದ, ಬಲಗಡೆ ಅಳೆದ. “ನೋಡಿ ಸಾರ್, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಈ ತಾಲ್ಲೂಕಲ್ಲಿ ಬೈಗುಳಾನ ಅಳೆದು ಹಾಕೋನು ನಾನೊಬ್ಬನೇ. ಆದ್ರೂ ಇಬ್ಬರೂ ಪಕ್ಷಪಾತ ಅಂತಾರೆ. ಈಗ ನೀವು ಮೂರನೆಯವ್ರು.”

“ನನ್ನದು ಬ್ಯಾಡ ಬುಡಿ. ಮೋರಿ ವಿಷ್ಯ ಹಾಕಿ.”

“ಮೋರಿ ಸುದ್ದಿ ಅಲ್ಲ ಸಾರ್.”

“ಪುಟ್ಟಗಂಗಮ್ಮ ಬಿದ್ದು ಸೊಂಟ...”

“ಯಾವಾಗ?”

“ಯುಗಾದಿಗೆ ಮುಂಚೆ.”

“ಹಳೇದಾಯ್ತು.” ಸೂರ್ಯಪ್ರಕಾಶ್ ಸ್ಕೇಲನ್ನು ಒಳಗಿಟ್ಟ. ಹಾಲಸ್ವಾಮಿಯ ಮುಖ ನೋಡಿ ಅವನಿಗೂ ಪಾಪ ಅನಿಸಿರಬೇಕು. “ಒಂದು ಕೆಲಸ ಮಾಡಿ. ಅವರಿಬ್ಬರಲ್ಲಿ ಯಾರಾದ್ರೂ ಮೈಕ್ ಮುಂದೆ ನಿಮ್ಮನ್ನ ಒಂದು ಮಾತು ಬೈಲಿ. ಒಂದೇ ಒಂದು. ಅದನ್ನ ಹಾಕ್ತೀನಿ. ಅದರ ಕೆಳಗೆ, ಇವರು ಮೋರಿ ವಿಷಯಕ್ಕೆ ನಿಂತಿದ್ದಾರೆ ಅಂತ ಮೋರಿನೂ ಸೇರಿಸ್ತೀನಿ. ಬೈಗುಳ ಇಲ್ದೆ ನನ್ನ ಕೈಲಿ ಏನೂ ಆಗಲ್ಲ.”

ಹೀಗೆ, ಒಂದು ಚಪ್ಪಡಿ ಕಲ್ಲಿಗಾಗಿ ಹಾಲಸ್ವಾಮಿ ಬೈಗುಳ ಹುಡುಕಿಕೊಂಡು ಹೊರಟ.

ಮೊದಲು ತಾನೇ ಬೈದು ನೋಡೋಣ, ಬೈದರೆ ಬೈಯಿಸಿಕೊಂಡವರು ವಾಪಸ್ ಬೈಯುತ್ತಾರೆ ಎಂಬ ಲೆಕ್ಕ ಹಾಕಿದ. ಮನೆಯ ಜಗಲಿಯಲ್ಲಿ ಹೆಂಡತಿ ಸುವರ್ಣಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಹಾಲಸ್ವಾಮಿ ಕಂಬದ ಪಕ್ಕ ನಿಂತು, ಬಾಚಣಿಗೆಯನ್ನು ಮೈಕಿನಂತೆ ಹಿಡಿದು ಗಂಟಲು ಸರಿಮಾಡಿಕೊಂಡ.

“ಈ ರುದ್ರೇಶ್ ಅನ್ನೋನು ಒಬ್ಬ... ಒಬ್ಬ...”

“ಹೂಂ, ಹೇಳಿ.”

“ಒಳ್ಳೆ ಹುಡುಗಾನೇ, ಆದ್ರೆ...”

“ಥೂ ನಿಮ್ಮ! ನಾಯಿ ಮನೆಯೊಳಗೆ ಬಂದ್ರೆ ‘ಆಚೆಗೋಗಪ್ಪ’ ಅನ್ನೋರು ನೀವು. ನಿಮಗ್ಯಾಕೆ ಬೇಕಿತ್ತು ಇದು? ಅವ್ನು ನಮ್ಮ ದೊಡ್ಡಪ್ಪನ ಮಗ ಬೇರೆ. ನಾಳೆ ದಿನ ಅವ್ರ ಮನೆ ನಾಮಕರಣಕ್ಕೆ ಹೋಗ್ಬೇಕು ನಾನು.”

“ನೀನಾದ್ರೂ ನನ್ನ ಬೈಯೇ. ಪೇಪರ್‌ನೋನಿಗೆ ಹೇಳ್ತೀನಿ.”

“ಮೂವತ್ತೊರ್ಸದಿಂದ ಬೈತಿದ್ದೀನಿ, ಯಾವ ಪೇಪರ್‌ನೋನು ಬಂದ?” ಎಂದು ಸುವರ್ಣಮ್ಮ ಸಿಪ್ಪೆಯನ್ನು ಮೊರಕ್ಕೆ ತುಂಬಿದಳು.

ಅಲ್ಲಿಂದ ಅವನು ಪುಟ್ಟಗಂಗಮ್ಮನ ಮನೆಗೆ ಹೋದ. ಬೈಯುವುದರಲ್ಲಿ ಪುಟ್ಟಗಂಗಮ್ಮನಿಗೆ ಸರಿಸಮಾನರು ಆ ಸುತ್ತಿನಲ್ಲಿ ಇರಲಿಲ್ಲ. ಆಕೆ ಬಾಗಿಲಲ್ಲಿ ನಿಂತು ಬೈದರೆ ಕೆರೆ ಏರಿಯ ಮೇಲೆ ಹೋಗುವವರು ತಮಗೇ ಇರಬಹುದೆಂದು ಸೈಕಲ್ ಇಳಿಯುತ್ತಿದ್ದರು. ಹಾಲಸ್ವಾಮಿ ವಿಷಯ ಹೇಳಿ, ಮೊಬೈಲನ್ನು ಕಿಟಕಿಯ ಮೇಲಿಟ್ಟು, ಕೈಕಟ್ಟಿ ಎದುರು ನಿಂತ.

ಪುಟ್ಟಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಯಿ ತೆರೆದಳು. ಮುಚ್ಚಿದಳು. ಎಲೆಅಡಿಕೆ ಉಗಿದು ಬಂದು ಮತ್ತೆ ತೆರೆದಳು.

“ಬರ್ತಾ ಇಲ್ಲ ಕಣಪ್ಪ” ಎಂದಳು ಕೊನೆಗೆ, ತೀರ ನೊಂದುಕೊಂಡು. “ನನ್ನ ಕುರ್ಚಿ ಸಮೇತ ಎತ್ಕಂಡು ಓಡ್ದೋನು ನೀನು. ನಿನ್ನ ಏನಂತ ಬೈಯ್ಲಿ?”

“ಏನಾರ ಒಂದು ಅನ್ನವ್ವ. ಸುಮ್ನೆ.”

“ಸುಮ್ಸುಮ್ನೆ ಬೈಯಕೆ ನಾನೇನು ಎಲೆಕ್ಷನ್‌ಗೆ ನಿಂತಿದ್ದೀನಾ? ಬೈಬೇಕಂದ್ರೆ ಆ ಮನ್ಸನ ಕೈಲಿ ಒಂದು ಅಧಿಕಾರ ಅಂತ ಇರಬೇಕು ಕಣಪ್ಪ. ನಿನ್ ಕೈಲೇನೈತೆ, ಬಾಚಣಿಗೆ. ಗೆದ್ಕಂಡು ಬಾ. ಆಮೇಲೆ ಬಾಯ್ತುಂಬ ಬೈತೀನಿ. ಮಾತು ಕೊಡ್ತೀನಿ.”

ಎದುರಾಳಿಗಳಿಬ್ಬರಲ್ಲಿ ಹೋಗಿ ಕೇಳಬಹುದಾದವನು ಮೈದುನ ರುದ್ರೇಶ್. ಅವನು ಹೊಸ ಬುಲೆಟ್ ಮೇಲೆ ಕುಳಿತು ಬೆಂಬಲಿಗರಿಗೆ ಏನೋ ಹೇಳುತ್ತಿದ್ದ. ಹಾಲಸ್ವಾಮಿ ಅವನನ್ನು ಪಕ್ಕಕ್ಕೆ ಕರೆದ.

“ಬೈಯದಾ? ನಿನ್ನಾ?” ಎಂದ ರುದ್ರೇಶ್. “ಬ್ಯಾಡ ಬುಡು ಭಾವ. ಬೈದ್ರೆ ನಿನ್ನ ಓಟು ನಂಗೆ ತಪ್ಪೋಯ್ತದೆ.”

“ನಾನೇ ನಿಂತಿದ್ದೀನಲ್ಲಾ!”

“ಹೌದಲ್ವಾ?” ರುದ್ರೇಶ್ ತಲೆ ಕೆರೆದುಕೊಂಡ. “ಮನೇಲಿ ಅಕ್ಕನ ಓಟು?”

“ಅದು ನಂಗೊತ್ತಿಲ್ಲ ಕಣ್ಲಾ. ನೀನೊಂದು ಮಾತು ಬೈಯಪ್ಪ. ಮೈಕ್‌ನಲ್ಲಿ. ನಿನ್ನ ದಮ್ಮಯ್ಯ ಅಂತೀನಿ.”

ರುದ್ರೇಶನಿಗೆ ಭಾವನ ಮೇಲೆ ನಿಜವಾಗಿ ಮರುಕವಿತ್ತು. ಖರ್ಚಿಲ್ಲದ ಉಪಕಾರ ಬೇರೆ. ಆಗಲಿ ಎಂದ.

ಶನಿವಾರ ಸಂಜೆ ಗುಡಿಯ ಮುಂದೆ ರುದ್ರೇಶನ ಸಭೆ. ಸೂರ್ಯಪ್ರಕಾಶ್ ಮೊಬೈಲ್ ಹಿಡಿದು ಮುಂದಿನ ಸಾಲಿನಲ್ಲಿದ್ದ. ಹಾಲಸ್ವಾಮಿ ಒಗೆದ ಪಂಚೆ ಉಟ್ಟು, ಮದುವೆಗೆ ಬಂದವನಂತೆ ಸುವರ್ಣಮ್ಮನೊಂದಿಗೆ ಕುಳಿತಿದ್ದ. ರುದ್ರೇಶ್ ಚಿಕ್ಕಹನುಮಯ್ಯನನ್ನು ತೋಳ, ಹದ್ದು, ಉಡ ಇತ್ಯಾದಿಯಾಗಿ ಬೈದು ಮುಗಿಸಿ ನೀರು ಕುಡಿದ. ಆಮೇಲೆ ಹಾಲಸ್ವಾಮಿಯ ಕಡೆ ಕಣ್ಣು ಮಿಟುಕಿಸಿದ.

“ಇನ್ನು ನಮ್ಮ ಹಾಲಸ್ವಾಮಿ ಭಾವ! ಅವ್ನೂ ಒಬ್ಬ ನಿಂತೌನೆ ಕಣ್ರಪ್ಪ! ಅವ್ನು ಏನು ಗೊತ್ತಾ? ಅಟ್ಟದ ಮ್ಯಾಲಿನ ಕಾಯಿ! ಎತ್ತಿ ಅಲ್ಲಾಡಿಸಿದ್ರೆ ಲೊಡಲೊಡ ಅಂತದೆ, ಅಷ್ಟೇ!”

ಹಿಂದೆ ನಿಂತಿದ್ದ ಹುಡುಗರು ಶಿಳ್ಳೆ ಹೊಡೆದು ನಕ್ಕರು. ಮುಂದೆ ಕುಳಿತಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿ, ಹೌದು ಹೌದು ಎಂದು ತಲೆದೂಗಿದರು. ಹಾಲಸ್ವಾಮಿ ಆನಂದದಿಂದ ಹೆಂಡತಿಯ ಮೊಣಕೈ ಹಿಡಿದು, “ಬೈದ ಕಣೇ!” ಎಂದ.

ಇಲ್ಲಿ ರುದ್ರೇಶನ ತೋಟದ ವಿಷಯ ಸ್ವಲ್ಪ ಹೇಳಬೇಕು. ಅವನು ಹತ್ತು ವರ್ಷದಿಂದ ತನ್ನ ತೋಟವನ್ನು ಎಳನೀರಿನವರಿಗೆ ಕೊಟ್ಟುಬಿಟ್ಟಿದ್ದ. ಅವರೇ ಬಂದು ಕೊಯ್ದು, ಲಾರಿಗೆ ತುಂಬಿ ಹೋಗುತ್ತಿದ್ದರು. ಅವನ ಮನೆಯ ಅಟ್ಟದಲ್ಲಿ ಹಳೆಯ ಫ್ಯಾನು, ಮುರಿದ ತೊಟ್ಟಿಲು ಇದ್ದವು. ಅಟ್ಟ ಎಂದರೆ ಅವನ ಮನಸ್ಸಿಗೆ ಬರುತ್ತಿದ್ದದ್ದು ಅದೇ. ಆದರೆ ಊರಿನ ಉಳಿದ ಅಟ್ಟಗಳಲ್ಲಿ ಕಾಯಿ ಇತ್ತು.

ಮುಂದಿನ ಗುರುವಾರ ‘ಹೊಸಗರಿ’ಯ ಕೆಳಮೂಲೆಯಲ್ಲಿ ‘ಹಾಲಸ್ವಾಮಿ ಅಟ್ಟದ ಕಾಯಿ: ರುದ್ರೇಶ್ ಲೇವಡಿ’ ಎಂದು ಬಂತು. ಅದರ ಕೆಳಗೆ ಮೋರಿಯ ವಿಷಯ ಇರಬೇಕಿದ್ದ ಜಾಗಕ್ಕೆ ಎಮ್ಮೆ ಸಿಕ್ಕಿದ ಸುದ್ದಿ ಬಂದು ಕೂತಿತ್ತು. ಹೇಗೂ ಬೈಗುಳ ಬಂತಲ್ಲ, ಮೋರಿ ಮುಂದಿನ ವಾರ ಬರುತ್ತದೆ ಎಂದುಕೊಂಡು ಹಾಲಸ್ವಾಮಿ ಹೋಟೆಲಿಗೆ ಹೋದ. ಒಳಗೆ ಕಾಲಿಡುತ್ತಿದ್ದಂತೆ ಕೊಬ್ಬರಿ ಸುಲಿಯುವುದರಲ್ಲೇ ತಲೆ ಹಣ್ಣಾಗಿದ್ದ ಸಣ್ಣತಿಮ್ಮಯ್ಯ ಎದ್ದು ನಿಂತು ಅವನ ಕೈ ಹಿಡಿದುಕೊಂಡ.

“ಎಂಥ ಮಾತಂದ್ಬುಟ್ಟ ಕಣಯ್ಯ ಆ ರುದ್ರೇಶ, ನಿನ್ನ ಬಗ್ಗೆ!”

“ಹೂಂ ಕಣಣ್ಣ” ಎಂದ ಹಾಲಸ್ವಾಮಿ, ಅವಮಾನಿತನಿಗೆ ಒಪ್ಪುವ ಮುಖ ಮಾಡಿ.

“ಎದುರಾಳಿ ಬಾಯಲ್ಲಿ ಇಷ್ಟು ಹೊಗಳಿಕೆ ನಾನು ಕೇಳಿರಲಿಲ್ಲ.”

ಹಾಲಸ್ವಾಮಿಯ ಮುಖ ಇಳಿಯಿತು. “ಹೊಗಳಿಕೆ ಅಲ್ಲ ಕಣಣ್ಣ, ಬೈಗುಳ!”

“ಯಾವನ್ಲಾ ಅಂದೋನು? ವರ್ಸೊಪ್ಪತ್ತು ಅಟ್ಟದಲ್ಲಿ ಕೂತು, ಹೊಗೆ ಕುಡ್ದು, ನೀರೆಲ್ಲ ಇಂಗಿ, ಒಳಗೆ ಗಟ್ಟಿ ಉಂಡೆ ಕೊಬ್ಬರಿ ಆಗಿ ಚಿಪ್ಪು ಬಿಟ್ಟಾಗ ತಾನೇ ಲೊಡಲೊಡ ಅನ್ನಾದು? ಅದಕ್ಕಿಂತ ಒಳ್ಳೆ ಕಾಯಿ ಯಾವ್ದೈತೆ? ಆ ಸದ್ದು ಕೇಳಕೆ ಅಲ್ವಾ ನಾವೆಲ್ಲ ಕಾಯಾದು?”

“ಪೇಪರ್‌ನಲ್ಲಿ ‘ಲೇವಡಿ’ ಅಂತ ಬಂದೈತಲ್ಲಣ್ಣ, ನೋಡು!”

“ಪೇಪರ್‌ನೋರಾ?” ಸಣ್ಣತಿಮ್ಮಯ್ಯ ಕೈ ಕೊಡವಿದ. “ಅವ್ರು ಬರೀ ಪಕ್ಷಪಾತ ಕಣಯ್ಯ. ಹೊಗಳಿಕೇನ ಬೈಗುಳ ಅಂತ ಹಾಕ್ತಾರೆ. ನಿನ್ನ ಕಂಡ್ರೆ ಆಗಲ್ಲ ಅವ್ರಿಗೆ.”

ಮಂಜಮ್ಮ ಅವನ ಮುಂದೆ ಕಾಫಿ ತಂದಿಟ್ಟು, “ನಾನೂ ಓಟು ಯಾರಿಗಾಕಾದು ಅಂತಿದ್ದೆ. ಇನ್ನೇನು ಬುಡು, ಅಟ್ಟದ ಕಾಯಿಗೇಯ” ಎಂದಳು. ಬೀದಿಯಲ್ಲಿ ಎದುರಾದವರೆಲ್ಲ ಅವನ ಬೋಳುತಲೆಯ ಹತ್ತಿರ ಕೈ ತಂದು ಕಾಯಿ ಅಲ್ಲಾಡಿಸಿದಂತೆ ಮಾಡಿ, “ಲೊಡಲೊಡ!” ಎಂದು ಪ್ರೀತಿಯಿಂದ ನಗುತ್ತಿದ್ದರು. ಕಷ್ಟಪಟ್ಟು ಸಂಪಾದಿಸಿದ ಒಂದೇ ಒಂದು ಬೈಗುಳವನ್ನು ಊರು ಹೀಗೆ ಹಾಳುಮಾಡುವುದನ್ನು ಹಾಲಸ್ವಾಮಿ ನೋಡಲಾರದೆ ನೇರ ರುದ್ರೇಶನ ಮನೆಗೆ ಹೋದ.

“ಏನ್ಲಾ ಮಾಡ್ದೆ ನೀನು? ಬೈಯಾದಾದ್ರೆ ಕೌಟು ಅನ್ಬಾರ್ದಿತ್ತಾ? ಕೌಟು ಕೊಬ್ಬರಿ ಅಂದಿದ್ರೆ ಯಾರಿಗೂ ಅನುಮಾನ ಇರ್ತಿರಲಿಲ್ಲ!”

ಕೌಟು ಎಂದರೆ ಒಳಗೆ ಎಣ್ಣೆ ಕೆಟ್ಟು, ನಾಲಗೆಗೆ ಇಟ್ಟರೆ ಉಗಿಯಬೇಕಾದ ಕೊಬ್ಬರಿ. ಆ ಸೀಮೆಯಲ್ಲಿ ಅದನ್ನು ಮನುಷ್ಯರಿಗೆ ಹೇಳಿದರೆ ಸಂಬಂಧ ಮುರಿಯುತ್ತದೆ.

ರುದ್ರೇಶ್ ತಲೆ ಮೇಲೆ ಕೈಹೊತ್ತು ಕೂತಿದ್ದ. ಬೆಂಬಲಿಗರು ಆಗಲೇ ಬಂದು ಅವನಿಗೆ ಕೊಬ್ಬರಿಯ ಪಾಠ ಮಾಡಿ ಹೋಗಿದ್ದರು. “ನಂಗೇನ್ ಗೊತ್ತು ಭಾವ? ನಮ್ಮನೆ ಅಟ್ಟದಲ್ಲಿ ಫ್ಯಾನೈತೆ!”

ಅಷ್ಟು ಹೊತ್ತಿಗೆ ಚಿಕ್ಕಹನುಮಯ್ಯ ಚುನಾವಣಾ ಅಧಿಕಾರಿಗಳಿಗೆ ದೂರು ಕೊಟ್ಟುಬಂದಿದ್ದ. ಭಾವ ಮೈದುನ ಇಬ್ಬರೂ ಒಳಗೊಳಗೆ ಒಂದಾಗಿದ್ದಾರೆ, ‘ಹೊಸಗರಿ’ ಪತ್ರಿಕೆ ಬೈಗುಳದ ವೇಷ ಹಾಕಿಸಿ ಹೊಗಳಿಕೆಯನ್ನು ಅಚ್ಚುಮಾಡಿದೆ, ಇದು ಕಾಸು ಕೊಟ್ಟು ಹಾಕಿಸಿದ ಸುದ್ದಿ, ಪಕ್ಷಪಾತದ ಪರಮಾವಧಿ ಎಂಬುದು ಅವನ ದೂರು.

ಮಾರನೆಯ ದಿನವೇ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ರಾಯಚೂರು ಕಡೆಯವರು, ತಿಪಟೂರಿಗೆ ವರ್ಗವಾಗಿ ಬಂದ ಹೊಸಬರು. ಜೀಪು ಮೋರಿಯ ಆಚೆಯೇ ನಿಂತಿತು. ಅವರು ತೆಂಗಿನ ಸೀಳುಗಳ ಮೇಲೆ ಕೈ ಅಗಲಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ದಾಟಿ ಹಾಲಸ್ವಾಮಿಯ ಜಗಲಿಗೆ ಬಂದು ಕುಳಿತರು. ಊರು ಅಂಗಳದಲ್ಲಿ ಸೇರಿತು. ರುದ್ರೇಶ್, ಚಿಕ್ಕಹನುಮಯ್ಯ, ಸೂರ್ಯಪ್ರಕಾಶ್ ಮೂವರೂ ಮೂರು ಕಂಬಕ್ಕೆ ಒರಗಿದರು.

“ನೋಡ್ರಿ, ವಿಷಯ ಸರಳ ಐತಿ” ಎಂದರು ಅಧಿಕಾರಿ. “ಇವರು ಅಂದದ್ದು ಬೈಗುಳಾಗಿದ್ರ ಅದು ನೀತಿಸಂಹಿತೆ ಉಲ್ಲಂಘನೆ. ರುದ್ರೇಶ್ ಅವರ ಮ್ಯಾಲೆ ಕೇಸ್. ಹೊಗಳಿಕಿ ಆಗಿದ್ರ ಅದು ಜಾಹೀರಾತು. ಹಾಲಸ್ವಾಮಿಯವರ ಮ್ಯಾಲೆ, ಪೇಪರಿನವರ ಮ್ಯಾಲೆ ಕೇಸ್. ನೀವು ಬೈಗುಳ ಅನ್ರಿ, ಹೊಗಳಿಕಿ ಅನ್ರಿ, ಒಂದು ಹೇಳ್ರಿ ಮುಗಿಸೂಣು.”

“ಹೊಗಳಿಕೆ!” ಎಂದ ಸಣ್ಣತಿಮ್ಮಯ್ಯ.

“ಬೈಗುಳ ಸಾರ್, ಪಕ್ಕಾ ಬೈಗುಳ” ಎಂದ ಸೂರ್ಯಪ್ರಕಾಶ್, ಸ್ಕೇಲಿಲ್ಲದೆ.

“ಹೊಗಳಿಕೇನೇ ಸಾರ್, ನಾನು ಬೈಯ್ಯೋನೇ ಅಲ್ಲ” ಎಂದ ರುದ್ರೇಶ್, ತೋಳ ಹದ್ದು ಉಡಗಳನ್ನೆಲ್ಲ ಮರೆತು.

“ತಡೀರಿ. ನಾ ಎರಿ ಹೊಲದ ಸೀಮೀಂವ. ನಮ್ಮಲ್ಲಿ ಕಾಯಿ ಅಂದ್ರ ಗುಡಿಯಾಗ ಒಡಿಯೂದು, ಅಷ್ಟ. ಈ ಅಟ್ಟದ ಕಾಯಿ ಒಂದು ತೊಗೊಂಬರ್ರಿ ನೋಡೂಣು.”

ಸುವರ್ಣಮ್ಮ ಅಟ್ಟ ಹತ್ತಿ ಒಂದು ಕಾಯಿ ತಂದಳು. ಹೋಲಿಕೆಗೆ ಇರಲಿ ಎಂದು ಅಂಗಳದಿಂದ ಒಂದು ಹಸಿಕಾಯಿಯನ್ನೂ ಕೊಟ್ಟಳು. ಅಧಿಕಾರಿ ಎರಡನ್ನೂ ಒಂದೊಂದು ಕಿವಿಗೆ ಹಿಡಿದು ಅಲ್ಲಾಡಿಸಿದರು. ಇಡೀ ಊರು ಅವರ ತಲೆಯನ್ನೇ ನೋಡಿತು.

“ಇದು ಕುಳುಕುಳು. ಇದು ಲೊಡಲೊಡ” ಎಂದರು ಗಂಭೀರವಾಗಿ. “ಚೊಲೋ ಐತಿ ಸಪ್ಪಳ. ಆದ್ರ ಇದರಾಗ ಮನಷ್ಯಾ ಎಲ್ಲಿ ಬಂದಾ? ಹಾಲಸ್ವಾಮಿಯವರ, ನಿಮಗ ಅಂದದ್ದು. ನಿಮಗ ಹೆಂಗ ಅನಿಸ್ತು?”

ಹಾಲಸ್ವಾಮಿ ರುದ್ರೇಶನ ಮುಖ ನೋಡಿದ. ಸೂರ್ಯಪ್ರಕಾಶನ ಮುಖ ನೋಡಿದ. ಬೈಗುಳ ಎಂದರೆ ಮೈದುನ ಸ್ಟೇಷನ್ನಿಗೆ ಅಲೆಯಬೇಕು. ಹೊಗಳಿಕೆ ಎಂದರೆ ತಾನೂ ಹೋಗಬೇಕು, ಪತ್ರಿಕೆಯೂ ಹೋಗುತ್ತದೆ, ಮೋರಿಯ ವಿಷಯವನ್ನು ಇನ್ನು ಯಾರೂ ಎತ್ತುವುದಿಲ್ಲ.

“ಸಾರ್, ಅವ್ನು ಬೈದಿದ್ದು ಬೈಗುಳಾನೇ” ಎಂದ. ರುದ್ರೇಶ್ ಕಂಬ ಹಿಡಿದುಕೊಂಡ. “ಆದ್ರೆ ನಾನೇ ಹೋಗಿ ಬೈಯಪ್ಪ ಅಂತ ಕೇಳ್ಕಂಡಿದ್ದು. ಅವ್ನದೇನೂ ತಪ್ಪಿಲ್ಲ.”

“ಬೈಗುಳಾ ಕೇಳಿ ಇಸ್ಕೊಂಡ್ರಿ?”

“ಹೂಂ ಸಾರ್. ಬೈದ್ರೆ ಪೇಪರ್‌ನಲ್ಲಿ ಬತ್ತದೆ. ಪೇಪರ್‌ನಲ್ಲಿ ಬಂದ್ರೆ ಅದ್ರ ಹಿಂದೆ ಮೋರಿನೂ ಬತ್ತದೆ ಅಂದ್ರು. ಬರೀ ಮೋರಿ ಹಾಕಲ್ವಂತೆ. ಅದಕ್ಕೆ.”

ಅಂಗಳದಲ್ಲಿ ಯಾರೋ ಹೋ ಎಂದು ನಗಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಕುರ್ಚಿಯಲ್ಲಿ ಕುಳಿತಿದ್ದ ಪುಟ್ಟಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಸುವರ್ಣಮ್ಮ ಗಂಡನನ್ನು ದಿಟ್ಟಿಸಿ ನೋಡಿ, ಅಧಿಕಾರಿಗೆ ಮಜ್ಜಿಗೆ ತರಲು ಒಳಗೆ ಹೋದಳು.

ಅಧಿಕಾರಿ ತಮ್ಮ ಕೈಪಿಡಿಯನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದರು. ಬೈಯುವವರಿಗೆ ನಿಯಮವಿತ್ತು. ಬೈಗುಳ ಬೇಡಿ ಪಡೆದವರಿಗೆ ಇರಲಿಲ್ಲ.

“ಮ್ಯಾಲಿನವರಿಗೆ ಕೇಳ್ತೀನಿ” ಎಂದು ಎದ್ದರು. “ಈ ಕಾಯಿ ಸಾಕ್ಷಿ. ಇದನ್ನ ತೊಗೊಂಡು ಹೊಂಟೀನಿ. ಕೇಸ್ ಅಂತೂ ಆಗೂದ.”

ಒಂದು ಕೈಯಲ್ಲಿ ಕೈಪಿಡಿ, ಇನ್ನೊಂದು ಕೈಯಲ್ಲಿ ಅಟ್ಟದ ಕಾಯಿ ಹಿಡಿದು ಅವರು ಮೋರಿಯ ಹತ್ತಿರ ಬಂದರು. ಬರುವಾಗ ಎರಡು ಕೈಯೂ ಖಾಲಿ ಇತ್ತು, ಅಗಲಿಸಿಕೊಂಡು ದಾಟಿದ್ದರು. ಈಗ ಅಗಲಿಸುವ ಹಾಗಿರಲಿಲ್ಲ. ಸೀಳುಗಳ ನಡುವೆ ಬಲಗಾಲು ಜಾರಿ ತೊಡೆಯವರೆಗೆ ಒಳಗೆ ಹೋಯಿತು. ಕಾಯಿ ಕೈಬಿಟ್ಟು, ಒಮ್ಮೆ ಲೊಡಲೊಡ ಎಂದು, ಮೋರಿಗೆ ಬಿದ್ದು, ಕಪ್ಪು ನೀರಿನಲ್ಲಿ ತೇಲಿಕೊಂಡು ಕೆರೆಯ ಕಡೆಗೆ ಹೊರಟುಹೋಯಿತು.

“ಹಿಡೀರ್ಲಾ!” ಎಂದರು ಎಲ್ಲರೂ. ಸಾಕ್ಷಿಯನ್ನೋ ಸಾಹೇಬರನ್ನೋ ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ರುದ್ರೇಶ್ ಒಂದು ರಟ್ಟೆ, ಚಿಕ್ಕಹನುಮಯ್ಯ ಇನ್ನೊಂದು ರಟ್ಟೆ ಹಿಡಿದು ಅಧಿಕಾರಿಯನ್ನು ಮೇಲೆತ್ತಿದರು. ಆ ಚುನಾವಣೆಯಲ್ಲಿ ಅವರಿಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ.

“ಯಾರ್ರೀ ಇದನ್ನ ಮುರಿದಾಂವ?” ಎಂದು ಅಧಿಕಾರಿ ಒಂದೇ ಚಪ್ಪಲಿಯಲ್ಲಿ ನಿಂತು ಗುಡುಗಿದರು. “ಇಷ್ಟು ದಿನ ಯಾಕ ಸರಿ ಮಾಡಿಸಿಲ್ಲ?”

“ಲಾರಿ ಅವನದು ಸಾರ್!” ಎಂದ ರುದ್ರೇಶ್.

“ಆಗ ಮೆಂಬರ್ರು ಅವನೇ ಸಾರ್!” ಎಂದ ಚಿಕ್ಕಹನುಮಯ್ಯ.

ಸೂರ್ಯಪ್ರಕಾಶನ ಮೊಬೈಲು ಇದೆಲ್ಲವನ್ನೂ ಹಿಡಿಯುತ್ತಿತ್ತು. ಇಬ್ಬರೂ ಪ್ರಾಣಿಗಳ ಹೆಸರಿಲ್ಲದೆ ಮಾತಾಡಿದ್ದು ಅದೇ ಮೊದಲು.

ಮುಂದಿನ ಗುರುವಾರದ ‘ಹೊಸಗರಿ’ಯಲ್ಲಿ ಇಡೀ ಮುಖಪುಟಕ್ಕೆ ಒಂದೇ ಸುದ್ದಿ. ‘ಮೋರಿಗೆ ಬಿದ್ದ ಅಧಿಕಾರಿ, ತೇಲಿಹೋದ ಸಾಕ್ಷಿ.’ ಕೆಳಗೆ ಮೋರಿಯ ಫೋಟೊ, ಎಮ್ಮೆಗಿಂತ ದೊಡ್ಡದು. ಸಾಕ್ಷಿ ಇಲ್ಲದ್ದರಿಂದ ಕೇಸು ಅಲ್ಲಿಗೇ ನಿಂತಿತು. ಬೈಗುಳಕ್ಕೆ ಜಾಗವಿಲ್ಲದ ಆ ವಾರ ರುದ್ರೇಶ್ ಮತ್ತು ಚಿಕ್ಕಹನುಮಯ್ಯ ಒಬ್ಬರ ಹಿಂದೊಬ್ಬರು ಸೂರ್ಯಪ್ರಕಾಶನಿಗೆ ಫೋನ್ ಮಾಡಿ, ಇಂಥ ಪಕ್ಷಪಾತವನ್ನು ತಮ್ಮ ಜೀವಮಾನದಲ್ಲಿ ನೋಡಿಲ್ಲ ಎಂದರು.

ಹಾಲಸ್ವಾಮಿ ಗೆದ್ದ. ಭಾರಿ ಅಂತರವೇನಲ್ಲ. ಸುವರ್ಣಮ್ಮ ಯಾರಿಗೆ ಹಾಕಿದಳೆಂದು ಇವತ್ತಿಗೂ ಹೇಳಿಲ್ಲ, ನಾಮಕರಣಕ್ಕೆ ಮಾತ್ರ ಹೋಗಿಬಂದಳು.

ಮಳೆಗಾಲಕ್ಕೆ ಮುಂಚೆ ಮೋರಿಗೆ ಕಾಂಕ್ರೀಟಿನ ಚಪ್ಪಡಿ ಬಿತ್ತು. ಮೊದಲ ಮಳೆ ಹುಯ್ದ ಮಾರನೆಯ ಬೆಳಗ್ಗೆ ಹಾಲಸ್ವಾಮಿ ಸೂರ್ಯಪ್ರಕಾಶನನ್ನು ಫೋಟೊ ತೆಗೆಯಲೆಂದು ಕರೆಸಿದ. ಮುಗಿದ ಮೋರಿಯಂತೂ ಸುದ್ದಿಯೇ ಅಲ್ಲ ಎಂದು ಗೊಣಗಿಕೊಂಡೇ ಅವನು ಬಂದ. ಒಂದು ಆಟೊ ಚಪ್ಪಡಿಯ ಮೇಲೆ ಸಲೀಸಾಗಿ ದಾಟಿ ಕೆಳಗಲಬೀದಿಗೆ ಹೋಯಿತು. ಹಾಲಸ್ವಾಮಿ ಅದನ್ನು ತಿರುವಿನವರೆಗೂ ನೋಡುತ್ತ ನಿಂತ.

ಅಷ್ಟರಲ್ಲಿ ಪುಟ್ಟಗಂಗಮ್ಮನ ಬಾಗಿಲು ದಡಾರನೆ ತೆರೆಯಿತು. ಚಪ್ಪಡಿಯನ್ನು ಒಂದು ಗೇಣು ಎತ್ತರಕ್ಕೆ ಹಾಕಿದ್ದರಿಂದ ರಸ್ತೆಯ ಮಳೆನೀರೆಲ್ಲ ತಿರುಗಿ ಆಕೆಯ ಮನೆಯೊಳಗೆ ಹೋಗಿತ್ತು. ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಒದ್ದೆಯಾದ ಪೊರಕೆ ಹಿಡಿದು ಹೊಸ್ತಿಲು ದಾಟಿದಳು. ಈ ಸಲ ಮಾತು ತಡವರಿಸಲಿಲ್ಲ.

“ಎಲ್ಲಿದ್ದೀಯಲಾ ಮೆಂಬರ್ರು! ಮೋರಿ ನೀರು ನನ್ನ ಒಲೆ ಮುಂದುಕ್ಕೆ ತಂದ್ಬುಟ್ಟಲ್ಲಾ, ನಿನ್ನ ಬಾಚಣಿಗೆ ಮುರಿದೋಗ! ನಿಂಗೆ ಕಣ್ಣಿಲ್ವಾ, ಮಟ್ಟಗೋಲಿಲ್ವಾ? ನಿನ್ನ ಅಟ್ಟದ ಕಾಯಿ ಅಂದೋರ ಬಾಯಿಗೆ ಮಣ್ಣಾಕ! ಕೌಟು ಕಣ್ಲಾ ನೀನು, ಕೌಟು! ಚಿಪ್ಪು ಸಮೇತ ಕೌಟು!”

ಕೆರೆ ಏರಿಯ ಮೇಲೆ ಯಾರೋ ಸೈಕಲ್ ಇಳಿದರು. ಹಾಲಸ್ವಾಮಿ ಕೈಕಟ್ಟಿ, ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. ನಾಳೆಯೇ ಮೇಸ್ತ್ರಿಯನ್ನು ಕರೆಸಿ ಇಳಿಸುತ್ತೇನೆ ಎಂದ. ಆಕೆ ಉಸಿರು ತೆಗೆದುಕೊಳ್ಳಲು ನಿಂತಾಗ ಸೂರ್ಯಪ್ರಕಾಶನ ಕಡೆ ತಿರುಗಿದ. ಅವನ ಮುಖ ಅರಳಿತ್ತು.

“ಕೇಳಿಸ್ತಾ ಸಾರ್? ಕೌಟು. ಎರಡೇ ಅಕ್ಷರ. ಎಷ್ಟು ದಪ್ಪಕ್ಕೆ ಬೇಕಾದ್ರೂ ಬತ್ತದೆ.”